ನಳಿಗೆಯಡಿಯ ಬರಹ

ಅಳಿಲು ಬೇಟೆಯ ಕಾಲ ಶುರುವಾಗುವ ಹಿಂದಿನ ದಿನ. ಬಂದೂಕಿನಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಣ್ಣ ತಂಗಿ ನಿಂತಿದ್ದರು. ಅಣ್ಣನ ಕೈಯಲ್ಲಿ ಅಪ್ಪನ ಪಾಯಿಂಟ್ ಟೂಟೂ ರೈಫಲ್. ನಳಿಗೆ, ಟ್ರಿಗರ್ ಎಲ್ಲ ಹೊಸದಾಗಿ ತರಿಸಿ ಕೂರಿಸಿದ್ದು. ನಳಿಗೆ ಕೂರುವ ಮರದ ಹಿಡಿ ಮಾತ್ರ ಹಳೆಯದು.

“ಹಾರ್ಲನ್, ಹಳೇ ನಳಿಗೆ ಬಿಚ್ಚಿದಾಗ ಅಡೀಲಿ, ಮರದ್ಮೇಲೆ ಏನೋ ಬರ್ದಿತ್ತಲ್ವಾ?” ತಂಗಿ ಕೇಳಿದಳು.

“ಪೆನ್ಸಿಲಲ್ಲಿ ಗೀಚಿತ್ತು. ನಿಂಗೆ ಹೆಂಗೆ ಗೊತ್ತು?”

“ಅಪ್ಪ ಆಸ್ಪತ್ರೇಲಿ ಹೇಳಿದ್ರು. ‘ನಾನು ಹೋದ್ಮೇಲೆ ಅವ್ನು ನಳಿಗೆ ಬದಲಾಯಿಸ್ದೇ ಬಿಡಲ್ಲ, ಆಗ ಓದ್ಕೋತಾನೆ’ ಅಂತ. ಏನ್ ಬರ್ದಿದ್ರೋ?”

“ಹೊಸ ನಳಿಗೆ ದಪ್ಪ ಕಣೆ, ಕೂರ್ಲಿಲ್ಲ. ಮರಾನೇ ಉಜ್ಜಿಬಿಟ್ಟೆ.”

“ಓದ್ದೇನೇ?”

“ಅಳತೆ ಗುರುತು ಅಂದ್ಕೊಂಡೆ.”

ಅವರ ಸರದಿ ಬಂತು. ನಳಿಗೆ ಮರಕ್ಕೆ ತಾಗಿದರೆ ಗುರಿ ತಪ್ಪುತ್ತದಲ್ಲ, ಅಂಗಡಿಯವನು ಎರಡರ ನಡುವೆ ಡಾಲರ್ ನೋಟು ಜಾರಿಸಿ ನೋಡಿ ತಲೆದೂಗಿದ.

“ಎಲ್ಲೂ ತಗುಲ್ತಿಲ್ಲ! ಯಾರಪ್ಪಾ ಇಷ್ಟು ಚೊಕ್ಕವಾಗಿ ಉಜ್ಜಿದ್ದು?”

ಹಾರ್ಲನ್ ರೈಫಲನ್ನು ಚೀಲಕ್ಕೆ ಸೇರಿಸಿ, ತಂಗಿಯ ಮುಖ ನೋಡದೆ ಬಾಗಿಲ ಕಡೆ ನಡೆದ.