ಸೋತವರೇ ಬರೆಯಬೇಕು

ಮಾನ್ಯ ಅಧ್ಯಕ್ಷರೂ ನನ್ನ ಗುರುಗಳೂ ಆದ ಅಶ್ವತ್ಥಪ್ಪ ಮೇಷ್ಟ್ರೇ, ನಮ್ಮ ಮುಳಬಾಗಿಲು ಚದುರಂಗ ಸಂಘದ ಕಾರ್ಯದರ್ಶಿ ಕದಿರೇಶ ಅವರೇ, ಕೋಲಾರ, ಮಾಲೂರು, ಶ್ರೀನಿವಾಸಪುರಗಳಿಂದ ಬಸ್ಸು ಹಿಡಿದು ಬಂದಿರುವ ಬ್ಲಾಗ್ ಬಂಧುಗಳೇ, ಈಗ ತಾನೇ ನನಗೆ ಶಾಲು ಹೊದಿಸಿದ ಹೋಳೂರಿನ ಸೊಣ್ಣಪ್ಪನವರೇ, ಮೂರನೇ ಸಾಲಿನಲ್ಲಿ ಕೈಯಲ್ಲೊಂದು ಕಾಗದ ಹಿಡಿದು ಕೂತಿರುವ ಅವರ ಮಗಳು ಅನಿತ ಅವರೇ, ನೆರೆದಿರುವ ಎಲ್ಲ ಸಭಿಕರೇ.

ಮೊದಲು ಒಂದು ಗುಟುಕು ನೀರು ಕುಡಿಯುತ್ತೇನೆ, ಕ್ಷಮಿಸಿ. ಮನೆಯಲ್ಲಿ ನಾಲ್ಕು ಪುಟ ಬರೆದುಕೊಂಡು, ಕನ್ನಡಿಯ ಮುಂದೆ ಎರಡು ಸಲ ಓದಿಕೊಂಡು ಬಂದವನು ನಾನು. ಆದರೆ ಶಾಲು ಹೊದಿಸುವಾಗ ಸೊಣ್ಣಪ್ಪನವರು ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದರು. ಅಲ್ಲಿಂದ ಆ ನಾಲ್ಕು ಪುಟಗಳು ನನ್ನ ಕಣ್ಣಿಗೆ ಕಾಣುತ್ತಿಲ್ಲ. ಅವರೇನು ಹೇಳಿದರು ಎಂಬುದನ್ನು ಕೊನೆಗೆ ಹೇಳುತ್ತೇನೆ. ಹೇಳುವಷ್ಟು ಧೈರ್ಯ ಅಷ್ಟರಲ್ಲಿ ಬಂದರೆ.

ನಮ್ಮ ಸಂಘ ಹುಟ್ಟಿದ್ದು ತೊಂಬತ್ತನಾಲ್ಕರಲ್ಲಿ. ಎರಡು ಮಣೆ, ಒಂದು ಬೆಂಚು, ಒಂದು ನೋಟುಪುಸ್ತಕ. ಮೊದಲ ದಿನವೇ ಮೇಷ್ಟ್ರು ಒಂದು ನಿಯಮ ಮಾಡಿದರು. ಆಟವನ್ನು ಸೋತವರೇ ಬರೆಯಬೇಕು, ಗೆದ್ದವರು ಓದಿ ಸಹಿ ಹಾಕಬೇಕು. ಯಾಕೆ ಮೇಷ್ಟ್ರೇ ಎಂದು ಕೇಳಿದವನು ನಾನೇ. "ಗೆದ್ದೋನು ಬರೆದ್ರೆ ಪುರಾಣ ಆಗ್ತದೆ ಕಣೋ ಮಾಧವ. ಸೋತೋನು ಬರೆದ್ರೆ ಪಾಠ ಆಗ್ತದೆ" ಎಂದಿದ್ದರು. ಮೇಷ್ಟ್ರೇ, ನಿಮಗೆ ನೆನಪಿದೆಯೇ? ನನಗೆ ನೆನಪಿದೆ. ಇವತ್ತು ಸ್ವಲ್ಪ ಜಾಸ್ತಿಯೇ ನೆನಪಾಗುತ್ತಿದೆ.

ಎರಡು ಸಾವಿರದ ಆರರಲ್ಲಿ ಆ ನೋಟುಪುಸ್ತಕ ಬ್ಲಾಗ್ ಆಯಿತು. ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ ನಾನು ಹಾಕುತ್ತಿದ್ದೆ. ಮಾಲೂರಿನವರು ನೋಡಿ ತಮ್ಮದೊಂದು ತೆರೆದರು, ಶ್ರೀನಿವಾಸಪುರದ ಮಾವಿನ ಮಂಡಿಯವರು ಇನ್ನೊಂದು ತೆರೆದರು. ಎಲ್ಲರೂ ಇದೇ ನಿಯಮ ಹಿಡಿದರು. ಸೋಮವಾರ ಬಂತೆಂದರೆ ಯಾರು ಸೋತರು ಎಂದು ನೋಡಲು ನಾವು ಕಾಯುತ್ತಿದ್ದೆವು. ಕಾಮೆಂಟುಗಳಲ್ಲಿ ಕಿತ್ತಾಡಿದ್ದೇವೆ. ಮುಖ ನೋಡದೆಯೇ ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗಿಬಂದಿದ್ದೇವೆ. ಇಂಥ ನೆಂಟಸ್ತಿಕೆ ಎಲ್ಲಿ ಸಿಗುತ್ತದೆ, ಹೇಳಿ?

ಸನ್ಮಾನ ಪತ್ರದಲ್ಲಿ ನನ್ನನ್ನು 'ಜಿಲ್ಲೆಯ ಅತಿ ಹೆಚ್ಚು ಬರೆದ ಚದುರಂಗ ಬರಹಗಾರ' ಎಂದಿದ್ದಾರೆ. ನಮ್ಮ ಬ್ಲಾಗಿನ ನೂರ ಹನ್ನೊಂದು ಲೇಖನಗಳಲ್ಲಿ ತೊಂಬತ್ತು ನನ್ನವು. ನಿಯಮ ಗೊತ್ತಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನೀವು ನಗುತ್ತಿದ್ದೀರಿ, ನಗಿ. ನನ್ನ ಹೆಂಡತಿ ಮೃದುಲಾ ಕೂಡ ನಗುತ್ತಿದ್ದಳು. "ನೀವೊಂದು ವಾರ ಗೆದ್ದುಬಿಟ್ರೆ ಬ್ಲಾಗ್ ಮುಚ್ಬೇಕಾಗ್ತದೆ ಕಣ್ರೀ" ಎನ್ನುತ್ತಿದ್ದಳು. ನಾನೂ ನಗುತ್ತಿದ್ದೆ. ಆದರೆ ಎರಡು ವರ್ಷ ಹೆಚ್ಚುಕಡಿಮೆ ಪ್ರತಿ ಸೋಮವಾರ ಊರೂರಿಗೆಲ್ಲ ತನ್ನ ಸೋಲನ್ನು ತಾನೇ ಸಾರಿಕೊಂಡು ಬರುವುದು ನಗುವ ವಿಷಯವಲ್ಲ, ಸಭಿಕರೇ.

ಅನಿತ ಕಾಗದ ಬಿಡಿಸುತ್ತಿದ್ದಾರೆ. ಒಂದು ನಿಮಿಷ ತಾಳಮ್ಮ. ನಾನೇ ಅಲ್ಲಿಗೆ ಬರುತ್ತಿದ್ದೇನೆ.

ಈ ಸನ್ಮಾನ ನಿಜವಾಗಿ ಆ ತೊಂಬತ್ತಕ್ಕಲ್ಲ, ಒಂದಕ್ಕೆ. ಜನವರಿ ತಿಂಗಳ ಆಟ. ಇಪ್ಪತ್ತಮೂರನೇ ನಡೆಯಲ್ಲಿ ಮಂತ್ರಿಯನ್ನೇ ಬಲಿ ಕೊಟ್ಟು, ಮೂರು ನಡೆಗಳಲ್ಲಿ ಒಂದು ಕುದುರೆಯಿಂದ ರಾಜನನ್ನು ಕಟ್ಟಿಹಾಕಿದ ಆಟ. ಅರವತ್ತೆರಡು ಕಾಮೆಂಟು ಬಂದವು. ಶಿವಾರಪಟ್ಟಣದ ಶಿಲ್ಪಿಗಳೊಬ್ಬರು ಅದನ್ನು ಓದಿ ಮೆಚ್ಚಿ, ಈ ಕಲ್ಲಿನ ಮಂತ್ರಿಯನ್ನು ಕೆತ್ತಿ ಕಳಿಸಿದ್ದಾರೆ. ಎರಡು ಕೈಯಲ್ಲೂ ಎತ್ತಲಾಗುತ್ತಿಲ್ಲ ನನಗೆ.

ಸೊಣ್ಣಪ್ಪನವರು ಹಿಪ್ಪುನೇರಳೆ ಬೆಳೆಯುವವರು. ಭಾನುವಾರ ಮುಳಬಾಗಿಲಿನ ತಂಗಿಯ ಮನೆಗೆಂದು ಬಂದು, ಮುಕ್ಕಾಲು ಪಾಲು ಹೊತ್ತು ನಮ್ಮ ಬೆಂಚಿನ ಮೇಲೆ ಕಳೆಯುವವರು. ಸಹಿ ಹಾಕುತ್ತಾರೆ, ಓದಲು ಬರೆಯಲು ಬಾರದು. ಆದ್ದರಿಂದ ಸೋತಾಗ ಅವರ ಪರವಾಗಿ ನಾನೇ ಬರೆಯುವ ಪದ್ಧತಿ. ಆ ಜನವರಿಯ ಭಾನುವಾರ ಎಲ್ಲರೂ ಎದ್ದು ಹೋಗಿದ್ದರು. ನಾವಿಬ್ಬರೇ ಇದ್ದೆವು. ಮಂತ್ರಿಯನ್ನು ಕಾವಲಿಲ್ಲದೆ ಎದುರಿಗೇ ಇಟ್ಟದ್ದು ನೋಡಿ ನಕ್ಕವನು ನಾನು. ಇಟ್ಟವರು ಸೊಣ್ಣಪ್ಪ.

ಹೌದು. ಕೇಳಿಸದಿದ್ದವರಿಗೆ ಇನ್ನೊಮ್ಮೆ ಹೇಳುತ್ತೇನೆ. ಇಟ್ಟವರು ಸೊಣ್ಣಪ್ಪ. ಸೋತವನು ನಾನು.

ಮಾರನೇ ದಿನ ಸೈಬರಿನಲ್ಲಿ ಕೂತು ಮೊದಲು ನಿಜವನ್ನೇ ಬರೆದೆ. ಬರೆದು ನೋಡಿದರೆ ಆ ನಡೆ ಎಷ್ಟು ಚೆಂದ! ನನ್ನ ಜನ್ಮದಲ್ಲಿ ಅಂಥದ್ದೊಂದು ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಒಂದು ನಡೆಯನ್ನೂ ನಾನು ಬದಲಿಸಲಿಲ್ಲ. ಎರಡು ಹೆಸರುಗಳನ್ನು ಅದಲುಬದಲು ಮಾಡಿದೆ, ಅಷ್ಟೇ. ಆಮೇಲೆ ನಿಯಮದಂತೆ ಸೋತವರ ಮಾತು ಬೇಕಲ್ಲ, ಅದನ್ನೂ ಬರೆದೆ. 'ಮಾಧವರಾಯರ ಮಂತ್ರಿಬಲಿಯ ಮರ್ಮವನ್ನು ಗ್ರಹಿಸುವಲ್ಲಿ ನಾನು ಸಂಪೂರ್ಣ ವಿಫಲನಾದೆ. ಇಂತಿ, ಸೊಣ್ಣಪ್ಪ.' ಮುಂದಿನ ಭಾನುವಾರ ಪ್ರಿಂಟ್ ತೆಗೆದು ಸಹಿಗೆ ಕೊಟ್ಟೆ. ಓದಿ ಹೇಳಲೇ ಎಂದು ಬಾಯಿಮಾತಿಗೆ ಕೇಳಿದೆ. "ನೀವು ಬರೆದ ಮ್ಯಾಲೆ ಇನ್ನೇನು ನೋಡೋದು ಸಾಮಿ? ಪರ್ವಾಲೇದು, ಎಲ್ಲಿ ಹಾಕ್ಲಿ?" ಎಂದು ಸಹಿ ಹಾಕಿದರು.

ಹೋದ ತಿಂಗಳು ಕೋಲಾರದ ಕಾಲೇಜಿನಿಂದ ಅರವತ್ತಮೂರನೇ ಕಾಮೆಂಟು ಬಂತು. 'ನಮ್ಮಪ್ಪ ಹಿಂಗೆ ಮಾತಾಡಲ್ಲ ಸಾರ್. ಮಂತ್ರಿ ಕೊಟ್ಟು ಕುದುರೇಲಿ ಹೊಡೆಯೋದು ನಮ್ಮಪ್ಪನ ಆಟ. ಮನೇಲಿ ನನ್ನನ್ನೂ ಹಂಗೇ ಸೋಲಿಸ್ತಾರೆ. ಇಂತಿ, ಅನಿತ.' ನಾನು ಅದನ್ನು ಅಳಿಸಿದೆ. ಅನಿತ ಹಿಡಿದಿರುವ ಕಾಗದದಲ್ಲಿ ಅದೇ ಇರಬೇಕು. ಬ್ಲಾಗ್ ನಡೆಸುವವರಿಗೆಲ್ಲ ಗೊತ್ತು, ಕಾಮೆಂಟು ಅಳಿಸಿದರೂ 'ಇಲ್ಲಿದ್ದದ್ದನ್ನು ತೆಗೆಯಲಾಗಿದೆ' ಎಂಬ ಸಾಲು ಉಳಿದುಬಿಡುತ್ತದೆ. ಒಂದು ತಿಂಗಳಿಂದ ದಿನಕ್ಕೆ ನಾಲ್ಕು ಸಲ ಆ ಸಾಲನ್ನು ನೋಡಿಬರುತ್ತಿದ್ದೇನೆ. ಸರಿಯಾಗಿ ಊಟ ಸೇರಿಲ್ಲ.

ಕದಿರೇಶನಿಗೆ ಇದೊಂದೂ ಗೊತ್ತಿಲ್ಲ. ಸೋತವರ ಕೈಯಿಂದಲೇ ಗೆದ್ದವರಿಗೆ ಶಾಲು ಹೊದಿಸಿದರೆ ಚೆನ್ನಾಗಿರುತ್ತದೆ ಎಂದು ಸೊಣ್ಣಪ್ಪನವರನ್ನು ಕರೆಸಿದ, ಮೈಕಿನಲ್ಲಿ ಹಾಗೆಯೇ ಹೇಳಿದ. ಮಗಳು ಮನೆಯಲ್ಲಿ ಹೇಳಿರಲಿಲ್ಲವೆಂದು ಕಾಣುತ್ತದೆ, ತಾವು ಸೋತವರೆಂಬುದನ್ನು ಅವರು ಶಾಲು ಹಿಡಿದು ನಿಂತಾಗಲೇ ಮೊದಲ ಸಲ ಕೇಳಿಸಿಕೊಂಡರು. ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಬಹುಶಃ ಆ ನಾಲ್ಕು ಪುಟ ಓದಿ ಕೂತುಬಿಡುತ್ತಿದ್ದೆ. ಅವರು ಶಾಲು ಹೊದಿಸಿ, ಅಂಚು ಸರಿಮಾಡಿ, ಮೆಲ್ಲಗೆ ಹೇಳಿದರು: "ಅವತ್ತು ನಾನೇ ಗೆದ್ದಂಗೆ ನೆನಪು ಸಾಮಿ. ವಯಸ್ಸಾಯ್ತಲ್ಲ, ನಾನೇ ಮರ್ತಿರ್ಬೇಕು."

ಸೊಣ್ಣಪ್ಪನೋರೇ, ನೀವು ಮರೆತಿಲ್ಲ.

ಕದಿರೇಶ, ಈ ಮಂತ್ರಿಯನ್ನು ಹಿಡಿದುಕೋಪ್ಪ, ಅವರ ಮುಂದೆ ಇಡು. ಶಾಲನ್ನು ನಾನೇ ಹೊದಿಸುತ್ತೇನೆ. ಅನಿತ, ಆ ಕಾಗದದ ಹಿಂಬದಿ ಖಾಲಿಯಿದ್ದರೆ ತಾಮ್ಮ. ಆಟವನ್ನು ಇಲ್ಲೇ ಮತ್ತೆ ಬರೆಯುತ್ತೇನೆ. ಈ ಸಲ ನೀನು ಗಟ್ಟಿಯಾಗಿ ಓದು, ಅಪ್ಪ ಪೂರ್ತಿ ಕೇಳಿಸಿಕೊಂಡ ಮೇಲೆ ಸಹಿ ಹಾಕಲಿ.

ಮೇಷ್ಟ್ರೇ, ತಲೆ ತಗ್ಗಿಸಿ ಕೂರಬೇಡಿ. ನಿಮ್ಮ ನಿಯಮ ಮುರಿದಿಲ್ಲ. ಇಷ್ಟು ಹೊತ್ತು ಇಲ್ಲಿ ನಿಂತು ಮಾತಾಡಿದವನು ಸೋತವನೇ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.