ಬಾಗಿಲ ಪಕ್ಕದ ಸೀಟು

ಬರುತ್ತೆ ಕಣಕ್ಕಾ, ಬರುತ್ತೆ! ಟಿಟಿ ಗಾಡಿ ಅಂದ್ಮೇಲೆ ಅರ್ಧ ಗಂಟೆ ಹೆಚ್ಚೂ ಕಮ್ಮಿ ಆಗ್ದೇ ಇರುತ್ತಾ? ಆರು ಅಂದ್ರೆ ಏಳು, ಏಳು ಅಂದ್ರೆ... ಈಗ ಎಂಟಾ? ಅಯ್ಯೋ, ಆಗ್ಲೇ ಎಂಟಾ! ಆ ಕಾಳಪ್ಪಂಗೆ ಬುದ್ಧಿ ಇಲ್ಲ ಬಿಡು. ಮಲ್ಲೇಶ್ವರದ ಮಾರ್ಕೆಟ್ಟಲ್ಲಿ ಸೊಪ್ಪು, ತರಕಾರಿ ಮಾರೋ ಹದಿನಾಲ್ಕು ಜನಾನ ಧರ್ಮಸ್ಥಳಕ್ಕೆ ಹೊರಡ್ಸೋದು ಅಂದ್ರೆ ಸುಮ್ನೆ ಆಯ್ತಾ? ಒಬ್ಳು ಇನ್ನೂ ಹಲ್ಲುಜ್ಜಿರಲ್ಲ, ಒಬ್ಬ ಬೀಡಿ ತರೋಕೆ ಹೋಗಿರ್ತಾನೆ... ಸ್ವಲ್ಪ ಜರುಗು, ಈ ಮೆಟ್ಲ ಮೇಲೆ ನಾನೂ ಕೂತ್ಕೊತೀನಿ. ಉಸ್ಸಪ್ಪಾ!

ಏನು ಹಂಗೆ ನೋಡ್ತೀಯಾ? ಬೆವರಾ? ಆಟೋ ಇಳಿದು... ಅಲ್ಲ, ನಡ್ಕೊಂಡು ಬಂದೆ. ಜೋರಾಗಿ ನಡ್ಕೊಂಡು ಬಂದೆ. ಈ ವಯಸ್ಸಲ್ಲಿ ಬೆವರದೇ ಇರುತ್ತಾ ಪಿಳ್ಳಮ್ಮಕ್ಕಾ!

ನೀನು ಒಂಚೂರೂ ಯೋಚ್ನೆ ಮಾಡ್ಬೇಡ. ಎಲ್ಲಾ ನಾನು ನೋಡ್ಕೊಂಡಿದೀನಿ. ಬಾಗಿಲ ಪಕ್ಕದ ಸೀಟು ನಿಂಗೇ ಅಂತ ವಾರದ ಹಿಂದೇನೇ ಹೇಳಿದೀನಿ. ಮೊದ್ಲು ಪ್ಲಾಸ್ಟಿಕ್ ಶೀಟು, ಅದ್ರ ಮೇಲೆ ನನ್ ಹಳೇ ಕಂಬಳಿ. ನೋಡ್ದೋರು 'ಪಾಪ, ಅಜ್ಜಿಗೆ ಚಳಿ' ಅನ್ಕೋಬೇಕು, ಅಷ್ಟೇ. ನೆಲಮಂಗಲ ಬಂದ್ರೆ ಕಾಫಿ ಬೇಕು ಅಂತ ಗಲಾಟೆ ಮಾಡ್ತೀನಿ. ಯಡಿಯೂರು ಬಂದ್ರೆ ದೇವ್ರನ್ನ ನೋಡ್ಬೇಕು ಅಂತ ಗಲಾಟೆ ಮಾಡ್ತೀನಿ. ಚನ್ನರಾಯಪಟ್ಟಣದಲ್ಲಿ ನಂಗೇ ಅರ್ಜೆಂಟು ಅಂತೀನಿ. ನಂಗೇ! ನಿನ್ ಹೆಸರೇ ಎತ್ತಲ್ಲ. ಬೈಯೋರು ಹನುಮಕ್ಕನ್ನ ಬೈಕೊಳ್ಳಿ, ನಂಗೇನು!

ಆ ಡೈಪರ್ ತರೋಕೆ ಮತ್ತಿಕೆರೆವರೆಗೂ ಹೋಗಿದ್ದೆ ಗೊತ್ತಾ? ಇಲ್ಲಿ ಮೆಡಿಕಲ್ ಸ್ಟೋರಲ್ಲಿ ಕೇಳಿದ್ರೆ ಸಂಜೆ ಹೊತ್ಗೆ ಮಾರ್ಕೆಟ್ಟಿಗೆಲ್ಲಾ ಸುದ್ದಿ. ನಿನ್ ಸೊಸೆ ಕಣ್ಣಿಗೂ ಬೀಳ್ಬಾರ್ದು ಅಂದ್ಯಲ್ಲ, ಅದಕ್ಕೇ ನನ್ ಬ್ಯಾಗಲ್ಲೇ ಇಟ್ಕೊಂಡೆ.

ಏನು... ಬ್ಯಾಗಾ? ನೀನು ಬಾಯಿ ಬಿಡ್ದಿದ್ರೂ ಗೊತ್ತಾಗುತ್ತೆ ಬಿಡು, ನನ್ ಖಾಲಿ ಕೈ ನೋಡ್ತಿದೀಯಾ. ಬ್ಯಾಗು... ಗಾಡೀಲೇ ಇದೆ. ನಿನ್ನೆ ಸಂಜೇನೇ ಕೊಟ್ಬಿಟ್ಟೆ, ಮೇಲ್ಗಡೆ ಕಟ್ಟೋಕೆ ಅಂತ. ಹೌದು, ನಿನ್ನೆ ಸಂಜೇನೇ.

ಅಬ್ಬಾ, ತಲೆಗೆ ಎಣ್ಣೆ ಹಚ್ಚಿ ಎಷ್ಟು ಚೆನ್ನಾಗಿ ಬಾಚಿದೀಯಕ್ಕಾ! ನಾಳೆ ಮುಡಿ ಕೊಡೋ ಕೂದ್ಲಿಗೆ ಯಾರಾದ್ರೂ ಇಷ್ಟು ಸಿಂಗಾರ ಮಾಡ್ತಾರಾ? ನಗು, ಸ್ವಲ್ಪನಾದ್ರೂ ನಗು. ಮೊಮ್ಮಗಳು ಬಿಂದುಶ್ರೀ ಹೆರಿಗೇಲಿ ಪಾಡು ಪಟ್ಟಾಗ ಹೊತ್ಕೊಂಡ ಹರಕೆ, ಆಗ ಹುಟ್ಟಿದ ಮಗು ಈಗ ಸ್ಕೂಲಿಗೆ ಹೋಗ್ತಿದೆ. 'ಹರಕೆ ತೀರಿಸ್ದೇ ನನ್ ಪ್ರಾಣ ಹೋಗಲ್ಲ ಹನುಮಿ' ಅಂತ ನನ್ ಕೈ ಹಿಡ್ಕೊಂಡು ಅತ್ತ್ಯಲ್ಲ, ಅವತ್ತೇ ಅನ್ಕೊಂಡೆ, ಏನಾದ್ರಾಗ್ಲಿ ಕರ್ಕೊಂಡು ಹೋಗೇ ಹೋಗ್ತೀನಿ ಅಂತ.

ನಿನ್ ತುಟಿ ನೋಡು, ಒಣಗಿ ಒಡೆದಿದೆ. ನಿನ್ನೆ ಮಧ್ಯಾಹ್ನದಿಂದ ಒಂದ್ ತೊಟ್ಟು ನೀರೂ ಕುಡ್ದಿಲ್ಲ ತಾನೆ? ಬೇಡ ಅಂದ್ರೂ ಕೇಳಲ್ಲ. ಶಿರಾಡಿ ಘಾಟಿ ಇಳಿಯೋವರೆಗೂ ಹಂಗೇ ಇರ್ತೀನಿ ಅಂತ ಹಟ...

ಅಕ್ಕಾ. ಬಾಟ್ಲಿ ಯಾಕೆ ತೆಗೀತಿದೀಯಾ?

ಬೇಡಕ್ಕಾ, ಗಾಡಿ ಬರೋ ಹೊತ್ತು... ಒಂದ್ ಗುಟುಕು ಸಾಕು. ಸಾಕಕ್ಕಾ... ಅಯ್ಯೋ, ಪೂರ್ತಿ ಕುಡೀತಿದೀಯಲ್ಲಾ! ಇಷ್ಟು ಕುಡಿದ್ರೆ ಗಾಡೀಲಿ...

ಗಾಡಿ ಬರಲ್ಲ ಅಂತ ನಿಂಗೊತ್ತಾ?

ನೋಡಿದ್ಯಾ? ನನ್ನೂ ನೋಡಿದ್ಯಾ? ನಾನು ತಲೆ ತಗ್ಗಿಸ್ಕೊಂಡಿದ್ದೆ... ಕಾಣ್ಲಿಲ್ಲ ಅನ್ಕೊಂಡೆ.

ಹೂಂ ಕಣಕ್ಕಾ. ಆರೂ ಕಾಲಿಗೆ ಇದೇ ಮೂಲೇಲಿ ಹೋಯ್ತು. ಒಳಗೆ ನಾನಿದ್ದೆ. ಬೆಳಿಗ್ಗೆ ಕಾಳಪ್ಪ ಬ್ಯಾಗ್ ಎತ್ತಿ ಕಟ್ಟೋವಾಗ ಆ ಪ್ಯಾಕೆಟ್ ಕಾಣ್ತು. 'ಏನ್ ಹನುಮಕ್ಕಾ, ಈ ವಯಸ್ಸಿಗೇ ಶುರು ಆಯ್ತಾ?' ಅಂದ. ಎಲ್ರೂ ಬಿದ್ದು ಬಿದ್ದು ನಕ್ರು. ನನ್ನ ಬೈಕೊಳ್ಳಿ, ನಂಗೇನು ಅಂತ ಜಂಬ ಕೊಚ್ಕೊಂಡೋಳು ನಾನು... ಆಗ ಬಾಯಿಂದ ಏನ್ ಬಂತು ಗೊತ್ತಾ? 'ನಂದಲ್ಲಪ್ಪಾ, ಪಿಳ್ಳಮ್ಮಂದು' ಅಂದ್ಬಿಟ್ಟೆ. ನನ್ ನಾಲಿಗೆ ಸೇದ್ಹೋಗ! ಸೀಟೆಲ್ಲಾ ಹಾಳಾಗುತ್ತೆ, ನಿಲ್ಲಿಸ್ಬೇಡ ಅಂದ್ರು. ನೀನು ಇಲ್ಲಿ ಕೈ ಎತ್ಕೊಂಡು ನಿಂತಿದ್ದೆ. ಡ್ರೈವರ್ ನನ್ ಮುಖ ನೋಡ್ದ. ನಾನು... ನಾನು ಏನೂ ಅನ್ನಲಿಲ್ಲ.

ಬಾಗಿಲ ಪಕ್ಕದ ಸೀಟಲ್ಲಿ ನಾನೇ ಕೂತಿದ್ದೆ ಅಕ್ಕಾ. ಮಿಸುಕಿದ್ರೆ ಸಾಕು, ಕೆಳಗೆ ನಿನ್ ಪ್ಲಾಸ್ಟಿಕ್ ಶೀಟು ಚರಚರ ಅನ್ನೋದು. ನೆಲಮಂಗಲದಲ್ಲಿ ಕಾಫಿಗೆ ನಿಲ್ಲಿಸಿದ್ರು. ನಾನು ಗಲಾಟೆ ಮಾಡ್ದೇನೇ ನಿಲ್ಲಿಸಿದ್ರು. ಇಳಿದೋಳು ಮತ್ತೆ ಹತ್ಲಿಲ್ಲ, ಬಸ್ಸು, ಆಟೋ ಹಿಡಿದು ಬಂದ್ಬಿಟ್ಟೆ.

ಎಲ್ಲಾ ನೋಡಿಯೂ ಎರಡು ಗಂಟೆ ಇಲ್ಲೇ ಯಾಕೆ ಕೂತಿದ್ದೆ? ಸೊಸೆಗೆ ಏನ್ ಹೇಳೋದು ಅಂತಾನಾ? ಇಲ್ಲಾ... ನಾನು ಇಳಿದು ಬರ್ತೀನಿ ಅಂತಾನಾ?

ಬೈಯಕ್ಕಾ. ಬೇಕಾದ್ರೆ ಎರಡು ಬಾರಿಸು. ಏನಿದು, ಖಾಲಿ ಬಾಟ್ಲಿ ನಂಗ್ಯಾಕೆ? ಇನ್ನೂ ನೀರು ಬೇಕಾ? ತರ್ತೀನಿ. ಆ ಎದುರುಗಡೆ ಹೋಟ್ಲಲ್ಲಿ ತುಂಬಿಸ್ಕೊಂಡು ತರ್ತೀನಿ. ನೀನು ಏಳ್ಬೇಡ, ಇಲ್ಲೇ ಇರು. ಬರ್ತೀನಿ ಕಣಕ್ಕಾ... ನಾನು ಬರ್ತೀನಿ.