ಹನ್ನೊಂದನೇ ತಿರುವಿನ ಉಬ್ಬು

...ಹಲ್ಲು ಹಾರಿಹೋಗಿ ಅವನ ಕಾಫಿ ಲೋಟದಲ್ಲೇ ಬಿತ್ತು ಕಣೋ! ನಿನ್ನಾಣೆಗೂ! ಟಣ್ ಅಂತ ಸದ್ದು ಬಂತು... ಏಯ್, ನಗಬೇಡ, ನಗಬೇಡ್ವೋ! ನಿನ್ನ ದವಡೆಗೆ ತಂತಿ ಹಾಕಿ ಬಿಗಿದಿದಾರೆ, ಕಿತ್ಕೊಂಡು ಬಂದ್ರೆ ಆ ಡಾಕ್ಟರಮ್ಮ ನನ್ನ ಚರ್ಮ ಸುಲೀತಾಳೆ. ಏನು? ನಗ್ತಾ ಇಲ್ವಾ? ಮತ್ತೆ ಭುಜ ಯಾಕೆ ಹಾಗೆ ಕುಣೀತು? ಓ... ನೋವಾ. ಸರಿ, ಕೂತ್ಕೋ. ಆ ಕುರ್ಚಿ ಬೇಡ, ಅದು ಅವನದು, ನಮ್ಮ ಕಂಪ್ಯೂಟರ್ ಇಂಜಿನಿಯರ್ ಲೆಕ್ಕದ ಮೇಷ್ಟ್ರದು. ಇಲ್ಲಿ ಬಾ, ಅಣ್ಣನ ಪಕ್ಕ. ಪ್ಲಾಸ್ಟರ್ ಕೈನ ಮೇಜಿನ ಮೇಲಿಡು. ಎಲ್ಲರೂ ಊಟಕ್ಕೆ ಹೋಗಿದಾರೆ, ಒಂದು ಗಂಟೆ ಈ ಕಡೆ ಯಾರೂ ತಲೆ ಹಾಕಲ್ಲ.

ಹೆಲ್ಮೆಟ್‌ನಲ್ಲೇ ಬಾರಿಸ್ದೆ! ನನ್ನ ಹಳೇ ಹೆಲ್ಮೆಟ್ಟು, ಕೈಯಲ್ಲಿತ್ತು. ಮೊದಲನೇ ಏಟಿಗೆ ಮೂಗು ಅಪ್ಪಚ್ಚಿ. ಎರಡನೇದಕ್ಕೆ ಹಲ್ಲು. ಮೂರನೇದು ಎಲ್ಲಿ ಬಿತ್ತೋ ನನಗೂ ಗೊತ್ತಿಲ್ಲ, ಅಷ್ಟೊತ್ತಿಗೆ ಕಣ್ಣು ಕತ್ತಲೆ ಕಟ್ಟಿತ್ತು. ನಾಲ್ಕು ಜನ ಮೆಕ್ಯಾನಿಕ್‌ಗಳು ಬಂದು ನನ್ನ ಎಳ್ಕೊಂಡು ಹೋದ್ರು. ಇಲ್ಲಾಂದ್ರೆ ಅವತ್ತೇ ಅವನ ಕಥೆ ಮುಗೀತಿತ್ತು. ಮತ್ತೆ! ನನ್ನ ತಮ್ಮನ್ನ ಆ ಸ್ಥಿತಿಗೆ ತಂದವನಿಗೆ ಮುತ್ತಿಡ್ಬೇಕಿತ್ತಾ? ಅವನೋ, ಕೈಯೂ ಎತ್ತಲಿಲ್ಲ ಗೊತ್ತಾ. ನೆಲದ ಮೇಲೆ ಬಿದ್ದು, ರಕ್ತ ಉಗೀತಾ, 'ಅಣ್ಣಾ, ಬೆನ್ನು... ಬೆನ್ನು ಜೋಪಾನ' ಅಂತಾನೆ! ...ಏನು? ಯಾಕೆ ಹಾಗೆ ನೋಡ್ತೀಯ? ಯಾರ ಬೆನ್ನೋ, ನನಗೇನು ಗೊತ್ತು! ಅವನ ಬೆನ್ನೇ ಇರ್ಬೇಕು. ಏಟು ಬಿದ್ರೆ ಮನುಷ್ಯ ಏನೇನೋ ಬಡಬಡಿಸ್ತಾನೆ.

ಅದು ಬಿಡು. ನಾಳೆ ಹತ್ತು ಗಂಟೆಗೆ ನಿನ್ನ ಅಪಘಾತದ ಬಗ್ಗೆ ಟೀಮಿನವರ ವಿಚಾರಣೆ. ನಿನಗೆ ಬಾಯಿ ಬಿಡಕ್ಕಾಗಲ್ಲ ಅಂತ ಅವರಿಗೂ ಗೊತ್ತು. ಒಂದೇ ಪ್ರಶ್ನೆ ಕೇಳ್ತಾರೆ, ಇದು ಲೆಕ್ಕದ ಮೇಷ್ಟ್ರ ತಪ್ಪಾ ಅಂತ. ನೀನು ಹೂಂ ಅಂತ ತಲೆ ಆಡಿಸು. ಮುಗೀತು! ಮೂಳೆ ಮುರ್ಕೊಂಡವನು ನೀನು, ನಿನ್ನ ಮಾತಿನ ಮೇಲೆ ಯಾರೂ ಮಾತಾಡಲ್ಲ. ಅವನನ್ನ ಮನೆಗೆ ಕಳಿಸ್ತಾರೆ. ನನ್ನ ಮೇಲಿನ ಹೊಡೆದಾಟದ ಕೇಸೂ ತಣ್ಣಗಾಗುತ್ತೆ. ನನ್ನ ಕೆಲಸ ಉಳಿಯುತ್ತೆ ಕಣೋ. ...ಹೂಂ ಅನ್ನು. ಈಗೊಂದ್ಸಲ ಆಡಿಸಿ ತೋರಿಸು, ನೋಡೋಣ. ...ಕತ್ತು ನೋಯುತ್ತಾ? ಇರಲಿ, ನಾಳೆ ಆಡಿಸಿದ್ರೆ ಸಾಕು.

ನಾನೇನು ಹೇಳ್ತೀನಿ ಅಂತ ನಿನ್ನ ಮುಂದೆ ಒಂದ್ಸಲ ಒಪ್ಪಿಸ್ತೀನಿ, ಕೇಳು. 'ಸ್ವಾಮಿ,' ಅಂತ ಶುರು ಮಾಡ್ತೀನಿ. 'ನನ್ನ ತಮ್ಮ ಅಲ್ಲಿ ನಿಜವಾದ ರೇಸ್ ಕಾರು ಓಡಿಸ್ತಾನೆ. ನಾನು ಇಲ್ಲಿ ಸಿಮ್ಯುಲೇಟರ್‌ನಲ್ಲಿ ಕೂತು ಅದೇ ಕಾರನ್ನ, ಅದೇ ಟ್ರ್ಯಾಕಿನ ಮೇಲೆ, ಪರದೆ ನೋಡ್ಕೊಂಡು ಓಡಿಸ್ತೀನಿ. ಸಾವಿರ ಸಲ ತಪ್ಪು ಮಾಡಿ, ಸಾವಿರ ಸಲ ಗೋಡೆಗೆ ಗುದ್ದಿ, ಯಾವುದು ಸರಿ ಅಂತ ಕಂಡುಹಿಡಿದು ಹೇಳೋದು ನನ್ನ ಕೆಲಸ. ಅವನು ಒಂದು ಸಲಾನೂ ಗುದ್ದಬಾರದಲ್ಲ, ಅದಕ್ಕೆ.' ಹೆಂಗಿದೆ? ಉಬ್ಬು ಬಂದಾಗೆಲ್ಲ ಸೀಟು ಅಲುಗುತ್ತೆ ಅಂತ ನಿಮ್ಮ ಮೆಕ್ಯಾನಿಕ್‌ಗಳು ಇದನ್ನ ತೊಟ್ಟಿಲು ಅಂತ ಆಡ್ಕೋತಾರಲ್ಲ, ಅವರೂ ಕೇಳಿಸ್ಕೊಳ್ಳಲಿ! 'ಟ್ರ್ಯಾಕಿನ ಒಂದೊಂದು ಉಬ್ಬು, ಒಂದೊಂದು ತಗ್ಗು ಅಳೆದು ಕಂಪ್ಯೂಟರ್‌ಗೆ ಹಾಕಿ ನನಗೆ ರಸ್ತೆ ಮಾಡಿಕೊಡೋದು ಲೆಕ್ಕದ ಮೇಷ್ಟ್ರ ಕೆಲಸ. ಅವನು ಕೊಟ್ಟ ರಸ್ತೆ ಮೇಲೆ ನಾನು ಓಡಿಸ್ದೆ. ಕಾರನ್ನ ನಾಲ್ಕು ಮಿಲಿಮೀಟರ್ ನೆಲಕ್ಕೆ ಇಳಿಸಿದ್ರೆ ರಸ್ತೆ ಕಚ್ಕೊಂಡು ಓಡುತ್ತೆ, ಒಂದೊಂದು ಸುತ್ತಿಗೂ ಅರ್ಧ ಸೆಕೆಂಡ್ ಲಾಭ ಅಂತ ಗೊತ್ತಾಯ್ತು. ಫೋನ್ ಮಾಡಿ ಹೇಳ್ದೆ. ಇಳಿಸಿದ್ರು. ಆದ್ರೆ ಹನ್ನೊಂದನೇ ತಿರುವಿನಲ್ಲಿ ಒಂದು ಉಬ್ಬಿತ್ತು ಸ್ವಾಮಿ! ಅವನು ಕೊಟ್ಟ ರಸ್ತೇಲಿ ಆ ಉಬ್ಬೇ ಇರಲಿಲ್ಲ!' ಇಲ್ಲಿ ಸ್ವಲ್ಪ ನಿಲ್ಲಿಸ್ತೀನಿ. ಕಣ್ಣಲ್ಲಿ ನೀರು ಬಂದ್ರೆ ಬರಲಿ.

ನಾಟಕ ಅಲ್ವೋ! ಟಿವೀಲಿ ನೋಡ್ತಾ ಕೂತಿದ್ದವನು ನಾನು. ಇನ್ನೂರ ಅರವತ್ತರ ಸ್ಪೀಡಲ್ಲಿ ಕಾರಿನ ಹೊಟ್ಟೆ ಆ ಉಬ್ಬಿಗೆ ಬಡೀತು, ಚಕ್ರ ನಾಲ್ಕೂ ಗಾಳೀಲಿ. ನೀನು ಗೋಡೆಗೆ ಹೊಡೆದೆ, ಗಿರಕಿ ಹೊಡೆದು ಮತ್ತೆ ಹೊಡೆದೆ, ಹಿಂದಿಂದ ಬಂದವನು ನಿನ್ನ ಪಕ್ಕೆಗೇ ನುಗ್ಗಿದ. ಆಮೇಲೆ ಬೆಂಕಿ. ಒಂಬತ್ತು ಸೆಕೆಂಡ್ ಆ ಬೆಂಕಿ ಒಳಗೆ ನೀನು, ನಾನು ಎಣಿಸ್ತಾ ಇದೀನಿ. ಅಮ್ಮ ನನ್ನ ಪಕ್ಕ ಕೂತಿದ್ಲಲ್ಲ, ಕಿರುಚಲಿಲ್ಲ ಅವಳು. ನನ್ನ ಕೈ ಹಿಡ್ಕೊಂಡು ಕಚ್ಚಿದ್ಲು. ನೋಡಿಲ್ಲಿ, ಹಲ್ಲಿನ ಗುರುತು ಇನ್ನೂ ಹೋಗಿಲ್ಲ. ರಕ್ತ ಸೋರ್ತಿದ್ರೂ ನಾನು ಕೈ ಎಳ್ಕೊಳ್ಳಲಿಲ್ಲ. ಕಚ್ಚಲಿ, ಇನ್ನೂ ಕಚ್ಚಲಿ ಅನ್ನಿಸ್ತು.

...ಎಲ್ಲಿಗೆ ಎದ್ದೆ? ಅವನ ಕಂಪ್ಯೂಟರ್ ಹತ್ರ ನಿನಗೇನು ಕೆಲಸ? ಒಂಟಿ ಕೈಯಲ್ಲಿ ಅದೇನು ಹುಡುಕ್ತೀಯ... ಬಿಡೋ, ಅವೆಲ್ಲ ಬರೀ ಟ್ರ್ಯಾಕಿನ ಪಟ್ಟಿ. ಹೂಂ, ನಿನ್ನ ಟ್ರ್ಯಾಕೇ ಅದು. ಎರಡಿದೆಯಾ? ಎರಡಿದೆ. ಒಂದರಲ್ಲಿ ಉಬ್ಬಿಲ್ಲ, ಇನ್ನೊಂದರಲ್ಲಿ... ಅದು ಅವನು ಆಮೇಲೆ ಮಾಡಿಟ್ಟಿದ್ದು! ತಪ್ಪಿಸ್ಕೊಳ್ಳಕ್ಕೆ! ...ಏನು, ಬೆರಳಿಟ್ಟು ಏನು ತೋರಿಸ್ತೀಯ? ಉಬ್ಬಿರೋದರ ತಾರೀಕಾ? ಬುಧವಾರ... ರೇಸಿಗೆ ನಾಲ್ಕು ದಿನ ಮುಂಚೆ. ಸರಿ. ತಾರೀಕು ತಿದ್ದೋದು ಅವನಂಥವನಿಗೆ ಯಾವ ಮಹಾ ಕೆಲಸ! ನೀನು ನನ್ನ ನಂಬ್ತೀಯೋ, ಕಂಪ್ಯೂಟರನ್ನ ನಂಬ್ತೀಯೋ?

ನಾನಾ? ಈಗಾ ಸಿಮ್ಯುಲೇಟರ್ ಹತ್ತೋದು? ತಮಾಷೆ ಮಾಡ್ಬೇಡ. ಹೊಟ್ಟೆ ಚುರುಗುಟ್ಟುತ್ತಿದೆ, ಊಟ ಮಾಡ್ಕೊಂಡು ಬಂದು... ಆಯ್ತಪ್ಪಾ, ಹತ್ತೀನಿ! ಹಾಗೆ ಕೈ ಚಾಚ್ಕೊಂಡು ನಿಲ್ಲಬೇಡ, ನಾನೇನು ಶಾಲೆ ಮಗುನಾ? ತಡಿ... ಮೆಲ್ಲಗೆ... ಈ ಮೊಣಕಾಲೊಂದು. ವಯಸ್ಸಾಯ್ತಲ್ವಾ. ಹಾಂ, ಕೂತೆ. ಅಯ್ಯೋ, ಬೆಲ್ಟು ಅಷ್ಟು ಬಿಗಿಯಾಗಿ ಎಳೀಬೇಡ್ವೋ! ಯಾವುದನ್ನ ಹಾಕ್ದೆ? ಬುಧವಾರದ್ದಾ? ...ಹಾಕು. ನನಗೇನು ಭಯ!

ನೋಡು, ಹೊರಟೆ. ಒಂದು... ಎರಡು... ಮೂರನೇ ತಿರುವು, ಬೆಣ್ಣೆ! ಕೈ ಇನ್ನೂ ಹೋಗಿಲ್ಲ ಕಣೋ ನಿನ್ನಣ್ಣಂದು. ಐದು... ಆರು... ಕಂಡ್ಯಲ್ಲ, ಸಾಕಲ್ವಾ? ಏಳು. ನಿಲ್ಲಿಸು. ಕೆಂಪು ಗುಂಡಿ ನಿನ್ನ ಕೈ ಕೆಳಗೇ ಇದೆ, ಒತ್ತು. ...ನಾನೇ ಬ್ರೇಕ್ ಹಾಕ್ಬಹುದು, ಗೊತ್ತು. ಹಾಕಿದ್ರೆ ನೀನೇನು ಅಂದ್ಕೋತೀಯ ಅಂತಾನೂ ಗೊತ್ತು. ಒಂಬತ್ತು... ಒತ್ತೋ! ಹತ್ತು... ಏಯ್, ನಿನ್ನ ದಮ್ಮಯ್ಯ ಅಂತೀನಿ, ಒತ್ತೋ, ಒತ್...

ಅಮ್ಮಾ!

...ಏನಿಲ್ಲ. ಏನಿಲ್ಲ ಕಣೋ. ನಾಲಗೆ ಕಚ್ಕೊಂಡೆ. ಹೂಂ, ಗೋಡೆಗೇ ಹೋಯ್ತು ಕಾರು. ಕೈ ಜಾರ್ತು, ಸ್ಟೀರಿಂಗು... ಬೆವರು. ಏಸಿ ಸರಿಯಿಲ್ಲ ಇಲ್ಲಿ. ಬೆಲ್ಟ್ ಬಿಚ್ದೆ ನೋಡು. ಆಯ್ತು, ನಡಿ, ಊಟಕ್ಕೆ ಹೋಗೋಣ. ನಿನಗೆ ಗಂಜಿ, ನನಗೆ ಅನ್ನ. ನೀನು ಮುಂದೆ ಹೋಗ್ತಿರು, ಬಂದೆ. ...ಹೋಗು ಅಂದ್ನಲ್ಲ! ಯಾಕೆ ನಿಂತಿದೀಯ? ಒಬ್ಬ ಮನುಷ್ಯ ಸೀಟಿಂದ ಇಳಿಯೋದರಲ್ಲಿ ನೋಡೋದೇನಿದೆ? ನೋಡ್ಬೇಡ! ...ನೋಡ್ಬೇಡ್ವೋ ಹಾಗೆ! ಕಣ್ಣು ತೆಗಿ ನನ್ನ ಮೇಲಿಂದ! ಬಾಯಿಲ್ಲ ಅಂದ್ರೆ ಕೈಯಾದ್ರೂ ಇದೆಯಲ್ಲ, ಹೊಡಿ! ಬಾ, ಇಲ್ಲೇ ಇದೀನಿ, ಎಲ್ಲಿಗೂ ಓಡಿಹೋಗಲ್ಲ. ಆ ಹೆಲ್ಮೆಟ್ ತಗೊಂಡು ಮೂಗು ಒಡಿ, ಹಲ್ಲು ಉದುರಿಸು, ಏನಾದ್ರೂ ಮಾಡು! ಸುಮ್ನೆ ನಿಲ್ಲಬೇಡ!

ನಾನೇ. ಸಾಕಾ? ಆ ಉಬ್ಬನ್ನ ತೆಗೆಸಿದ್ದು ನಾನೇ.

ಬೆನ್ನಲ್ಲಿ ಎರಡು ಮೂಳೆ ಬಿರುಕು ಬಿಟ್ಟಿದೆ ಕಣೋ. ಒಂದು ವರ್ಷ ಆಯ್ತು. ಅಮ್ಮನಿಗೆ ಹೇಳಿಲ್ಲ, ನಿನಗೆ ಹೇಳಿಲ್ಲ. ಹೇಳಿದ್ರೆ ಈ ಸೀಟಿಂದ ಎಬ್ಬಿಸ್ತಾರೆ. ರೇಸಿಂದ ಎಬ್ಬಿಸಿದ್ದಾಯ್ತು, ಇಲ್ಲಿಂದಲೂ ಎಬ್ಬಿಸಿದ್ರೆ ನಾನ್ಯಾರು? ನಿನ್ನ ಅಣ್ಣ. ಬರೀ ನಿನ್ನ ಅಣ್ಣ! ಸುತ್ತು ಸುತ್ತಿಗೂ ಆ ಉಬ್ಬು ಬರುತ್ತೆ, ಚಾಕು ಹಾಕಿ ತಿರುವಿದ ಹಾಗಾಗುತ್ತೆ. ಸೀಟಿನ ಅಲುಗಾಟ ಕಮ್ಮಿ ಮಾಡಿದ್ರೆ ಮ್ಯಾನೇಜರಿಗೆ ಗೊತ್ತಾಗುತ್ತೆ. ಅದಕ್ಕೆ ರಸ್ತೆಯಿಂದಲೇ ತೆಗಿ ಅಂತ ಮೇಷ್ಟ್ರನ್ನ ಬೇಡ್ಕೊಂಡೆ. ಬೇಡ ಅಣ್ಣಾ ಅಂದ ಅವನು. ಇಪ್ಪತ್ತೇ ಸುತ್ತು, ಆಮೇಲೆ ವಾಪಸ್ ಹಾಕು ಅಂತ ಕೈ ಮುಗಿದೆ. ತೆಗೆದ. ವಾಪಸ್ ಹಾಕಕ್ಕೆ ಬಂದಾಗ... ಉಬ್ಬಿರೋ ರಸ್ತೇನ ನಾನೇ ಹಾಕ್ಕೊಂಡು ಓಡಿಸಿ ನೋಡಿದೀನಿ, ನಾಲ್ಕು ಮಿಲಿಮೀಟರ್ ಇಳಿಸಿದ್ರೂ ಕಾರು ತಡೆಯುತ್ತೆ ಅಂದೆ. ಸುಳ್ಳು. ಸ್ವಂತ ತಮ್ಮನ ಜೀವದ ವಿಷಯದಲ್ಲಿ ಅಣ್ಣ ಆದವನು ಸುಳ್ಳು ಹೇಳ್ತಾನಾ ಅಂತ ನಂಬಿಬಿಟ್ಟ.

ಅವತ್ತು ಕಾಫಿ ಮೆಷಿನ್ ಹತ್ರ ಬಂದು ಒಂದೇ ಮಾತು ಅಂದ. 'ಅಣ್ಣಾ, ತಮ್ಮನಿಗೆ ನೀವೇ ಹೇಳಿಬಿಡಿ, ನಾನು ಯಾರಿಗೂ ಹೇಳಲ್ಲ.' ಇಷ್ಟೇ ಕಣೋ ಅಂದಿದ್ದು. ಇಷ್ಟಕ್ಕೆ ಹೆಲ್ಮೆಟ್ ಎತ್ತಿದೆ.

...ಏಯ್, ಬಾಗಿಲು ಯಾಕೆ ತೆಗೀತೀಯ? ಎಲ್ಲಿಗೆ? ಅವನ ಹತ್ರನಾ? ಹೋಗು. ನಾಳೆ ಹೇಗೆ ಬೇಕಾದ್ರೂ ತಲೆ ಆಡಿಸು, ನಾನು ಬೇಡ ಅನ್ನಲ್ಲ. ಆದ್ರೆ ಮೊದಲು ನನ್ನ ಇಲ್ಲಿಂದ ಇಳಿಸಿ ಹೋಗೋ! ಊಟ ಮುಗಿಸ್ಕೊಂಡು ಎಲ್ಲರೂ ಬಂದುಬಿಡ್ತಾರೆ! ಕಾಲು ಆಡ್ತಾ ಇಲ್ಲ... ಒಬ್ಬನೇ ಇಳಿಯಕ್ಕೆ ಆಗಲ್ಲ ಕಣೋ ನನಗೆ, ಒಂದು ವರ್ಷದಿಂದ ಆಗ್ತಿಲ್ಲ. ದಿನಾ ಅವನೇ... ಎಲ್ಲರೂ ಹೋಗೋವರೆಗೂ ಕಾದು, ಕಂಕುಳಿಗೆ ಕೈ ಹಾಕಿ, ಅವನೇ ಎತ್ತಿ ಇಳಿಸ್ತಿದ್ದ.